ಮೈಲೇಜ್ ಗೇಜ್: ಕೊಳ್ಳುವ ಮೊದಲು ಲೀಟರಿನ ಲೆಕ್ಕ

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಬರೀ ಮೈಲೇಜ್, ಮೈಲೇಜ್. ಅದರಲ್ಲೂ ಮೈಲೇಜ್ ಗೇಜ್ ಕೊಳ್ಳಬೇಕಾ ಬೇಡವಾ ಅಂತ ಕೇಳಿದವರೇ ಜಾಸ್ತಿ. ಗಾಡಿ ಓಡುತ್ತಿರುವಾಗಲೇ ಲೀಟರಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ ಅಂತ ತೋರಿಸುವ ಪುಟ್ಟ ಡಬ್ಬಿ ಅದು. ಹಾಗಾಗಿ ಬ್ರೇಕ್ ಪ್ಯಾಡು, ಬ್ಯಾಟರಿ, ವೈಪರಿನ ಪ್ರಶ್ನೆಗಳು ಮುಂದಿನ ಸಲಕ್ಕೆ. ಕೇಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ. ನನ್ನದು ಒಂಬತ್ತು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತೋರಿಸುವುದಿಲ್ಲ. ತಿಂಗಳಿಗೆ ಸುಮಾರು 1000 ಕಿ.ಮೀ. ಓಡಿಸುತ್ತೇನೆ. ನನ್ನ ಗೆಳೆಯ ಸ್ಟೀರಿಂಗ್ ಕೆಳಗೆ ಸಿಕ್ಕಿಸುವ ಒಂದು ಗೇಜ್ ತಂದಿದ್ದಾನೆ. 14 ಕೊಡುತ್ತಿದ್ದ ಗಾಡಿ ಈಗ 17 ಕೊಡುತ್ತಿದೆ ಅಂತ ಸಿಕ್ಕವರಿಗೆಲ್ಲ ಹೇಳುತ್ತಾನೆ. ನಾನೂ ಒಂದು ತರೋಣ ಅಂದರೆ ನಮ್ಮ ಮನೆಯವರು "ಅದೊಂದು ಆಟದ ಸಾಮಾನು, ಸುಮ್ನೆ ಇರಿ" ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮನೆಯವರ ಮಾತು ಮೀರಿ ಅಂತ ಬರೆಯುವ ಧೈರ್ಯ ನನಗಿಲ್ಲ. ಆದರೆ ಈ ವಿಷಯದಲ್ಲಿ ಇಬ್ಬರದೂ ಅರ್ಧರ್ಧ ಸರಿ.

ಗೇಜ್ ತಾನಾಗಿ ಒಂದು ಹನಿ ಪೆಟ್ರೋಲನ್ನೂ ಉಳಿಸುವುದಿಲ್ಲ. ಗಡಿಯಾರ ಕೊಂಡರೆ ಹೊತ್ತು ಉಳಿಯುತ್ತದಾ? ಉಳಿಸಬೇಕಾದದ್ದು ನಿಮ್ಮ ಬಲಗಾಲು. ಆ ಕಾಲು ಮಾಡುವ ತಪ್ಪನ್ನು ಗೇಜ್ ಆಗಿಂದಾಗಲೇ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ತೋರಿಸಿದ್ದನ್ನು ಕಾಲು ಕೇಳಿದರೆ ಲಾಭ, ಕೇಳದಿದ್ದರೆ ಮನೆಯವರು ಹೇಳಿದ ಹಾಗೆ ಆಟದ ಸಾಮಾನೇ.

ಇನ್ನು ನಿಮ್ಮ ಗೆಳೆಯರ 14 ಮತ್ತು 17. ತಿಂಗಳಿಗೆ 1000 ಕಿ.ಮೀ. ಅಂತಿಟ್ಟುಕೊಂಡರೆ 14ಕ್ಕೆ ಸುಮಾರು 71 ಲೀಟರ್ ಬೇಕು, 17ಕ್ಕೆ ಸುಮಾರು 59. ಅಂದರೆ ತಿಂಗಳಿಗೆ 12 ಲೀಟರ್ ಉಳಿತಾಯ. ಇದು ದೊಡ್ಡ ಮಾತು. ಮೊದಲು ಅವರು ಬ್ರೇಕು ಆಕ್ಸಿಲರೇಟರ್ ಎರಡನ್ನೂ ಒದ್ದು ಓಡಿಸುತ್ತಿದ್ದರೆ ಇಷ್ಟು ಬದಲಾವಣೆ ಆಗಬಾರದು ಅಂತೇನಿಲ್ಲ. ಆದರೂ ಅವರನ್ನು ಒಂದು ಮಾತು ಕೇಳಿ ನೋಡಿ: ಹಳೆಯ 14 ಎಲ್ಲಿಂದ ಬಂತು, ಹೊಸ 17 ಎಲ್ಲಿಂದ ಬಂತು? ನನ್ನ ಊಹೆ ಏನೆಂದರೆ, 14 ಬಂದದ್ದು ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ್ದರಿಂದ, 17 ಬಂದದ್ದು ಗೇಜಿನ ಪರದೆಯಿಂದ. ಒಂದನ್ನು ಸೇರಿನಲ್ಲಿ ಅಳೆದು ಇನ್ನೊಂದನ್ನು ಕೆಜಿಯಲ್ಲಿ ತೂಗಿ, ನೋಡಿ ಎಷ್ಟು ಹೆಚ್ಚಾಯಿತು ಅಂದ ಹಾಗೆ ಅದು. ಸಿಕ್ಕಿಸಿದ ದಿನದಿಂದಲೇ ಗೇಜ್ ಸರಿಯಾದ ಅಂಕಿ ತೋರಿಸುವುದಿಲ್ಲ. ಅದನ್ನು ಕಾರಿಗೆ ಹೊಂದಿಸಬೇಕು. ಆ ವಿಷಯ ಮುಂದಿನ ಪ್ರಶ್ನೆಯಲ್ಲಿ ಬರುತ್ತದೆ.

ಹಾಗಾಗಿ ಗೇಜಿಗೆ ದುಡ್ಡು ಕೊಡುವ ಮೊದಲು ನಿಮ್ಮ ಕಾರಿನ ನಿಜವಾದ ಮೈಲೇಜ್ ಎಷ್ಟು ಅಂತ ನೋಡಿಕೊಳ್ಳಿ. ಇದಕ್ಕೆ ಪೆನ್ನು, ಚೀಟಿ ಸಾಕು. ಟ್ಯಾಂಕ್ ಫುಲ್ ಮಾಡಿಸಿ, ಗನ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ. "ಇನ್ನೊಂಚೂರು ಹಿಡಿಯುತ್ತೆ" ಅಂತ ಒತ್ತಿಸಬೇಡಿ. ಓಡೋಮೀಟರ್ ಅಂಕಿ ಬರೆದುಕೊಳ್ಳಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅದೇ ಬಂಕಿಗೆ, ಸಾಧ್ಯವಾದರೆ ಅದೇ ಪಂಪಿಗೆ ಹೋಗಿ ಮತ್ತೆ ಮೊದಲ ಟಕ್‌ವರೆಗೆ ತುಂಬಿಸಿ. ಓಡಿದ ಕಿಲೋಮೀಟರನ್ನು ಈಗ ಹಿಡಿದ ಲೀಟರಿನಿಂದ ಭಾಗಿಸಿ. ಒಂದೇ ಸಲ ಮಾಡಿ ನಂಬಬೇಡಿ. ಗನ್ ಟಕ್ ಅನ್ನುವ ಜಾಗ ಪ್ರತಿಸಲ ಒಂದೇ ಇರುವುದಿಲ್ಲ, 30 ಲೀಟರಿಗೆ 1 ಲೀಟರ್ ಆಚೀಚೆ ಆದರೂ 3 ಶೇಕಡಾ ತಪ್ಪು ಬಂದ ಹಾಗಾಯಿತು. ಪೆಟ್ರೋಲ್ ಕೂಡ ಬಿಸಿಗೆ ಹಿಗ್ಗುತ್ತದೆ, 10 ಡಿಗ್ರಿಗೆ ಸುಮಾರು 1 ಶೇಕಡಾ. ಮೂರು ನಾಲ್ಕು ಟ್ಯಾಂಕಿನ ಕಿಲೋಮೀಟರ್ ಎಲ್ಲ ಕೂಡಿಸಿ, ಲೀಟರ್ ಎಲ್ಲ ಕೂಡಿಸಿ, ಆಮೇಲೆ ಭಾಗಿಸಿದರೆ ಈ ಏರುಪೇರು ಬಹಳಷ್ಟು ಕಡಿಮೆಯಾಗುತ್ತದೆ.

ಈಗ ಕೊಳ್ಳುವ ಮಾತು. ಗೇಜಿನ ಬೆಲೆಯನ್ನು ದುಡ್ಡಿನಲ್ಲಿ ಯೋಚಿಸಬೇಡಿ, ಪೆಟ್ರೋಲಿನಲ್ಲಿ ಯೋಚಿಸಿ. ಆ ದುಡ್ಡಿಗೆ ಇವತ್ತು ಎಷ್ಟು ಲೀಟರ್ ಬರುತ್ತದೆ? 30 ಲೀಟರ್ ಅಂತ ಇಟ್ಟುಕೊಳ್ಳೋಣ. ನಿಮ್ಮ ಕಾಲು ಸುಧಾರಿಸಿ 5 ಶೇಕಡಾ ಪೆಟ್ರೋಲ್ ಉಳಿಯಿತು ಅಂದುಕೊಳ್ಳಿ. (5 ಅನ್ನುವುದು ಲೆಕ್ಕಕ್ಕೆ ನಾನು ಹಿಡಿದ ಅಂಕಿ, ಗ್ಯಾರಂಟಿ ಅಲ್ಲ.) ನಿಮ್ಮ ಗಾಡಿಯೂ 14 ಕೊಡುತ್ತದೆ ಅಂತಿಟ್ಟುಕೊಂಡರೆ, 71 ಲೀಟರಿನಲ್ಲಿ ತಿಂಗಳಿಗೆ ಮೂರೂವರೆ ಲೀಟರ್ ಉಳಿಯಿತು. ಎಂಟೊಂಬತ್ತು ತಿಂಗಳಿಗೆ ಹಾಕಿದ ದುಡ್ಡು ವಾಪಸ್. ಅದೇ ಗೇಜ್ 90 ಲೀಟರಿನ ಬೆಲೆಯದಾಗಿದ್ದರೆ ಎರಡು ವರ್ಷ ದಾಟುತ್ತದೆ. ತಿಂಗಳಿಗೆ 200 ಕಿ.ಮೀ. ಮಾತ್ರ ಓಡಿಸುವವರಿಗೆ 30 ಲೀಟರಿನ ಗೇಜೇ ಮೂರೂವರೆ ವರ್ಷ ತಿನ್ನುತ್ತದೆ. ಅಷ್ಟರೊಳಗೆ ಕಾರನ್ನೇ ಮಾರಿರುತ್ತೀರಿ.

ನಿಮ್ಮ ಲೆಕ್ಕಕ್ಕೆ ನನ್ನ ಉತ್ತರ: ಕಡಿಮೆ ಬೆಲೆಯದಾದರೆ ತನ್ನಿ, ದುಬಾರಿಯದು ಬೇಡ. ಅದಕ್ಕಿಂತ ಒಳ್ಳೆಯದು, ಗೆಳೆಯರ ಗೇಜನ್ನೇ ಒಂದು ತಿಂಗಳು ಎರವಲು ತನ್ನಿ. ಕಿತ್ತು ಸಿಕ್ಕಿಸಲು ಅರ್ಧ ನಿಮಿಷ ಸಾಕು.

ಆ ಒಂದು ತಿಂಗಳಲ್ಲಿ ಏನು ನೋಡಬೇಕು ಅನ್ನುವುದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಗೇಜಿನ ಬೆಲೆ ಇರುವುದೇ ಅಲ್ಲಿ. ನಾನು ಮೊದಲ ಸಲ ಸಿಕ್ಕಿಸಿದ ದಿನ ನನಗೆ ಆಶ್ಚರ್ಯ ಆದದ್ದು ವೇಗದ ಬಗ್ಗೆ ಅಲ್ಲ, ಸಿಗ್ನಲ್ ಬಗ್ಗೆ. ಮುಂದೆ ಕೆಂಪು ದೀಪ ಕಾಣುತ್ತಿದೆ, ಆದರೂ ನಾನು ಆಕ್ಸಿಲರೇಟರ್ ಒತ್ತಿಕೊಂಡೇ ಹೋಗಿ ಕೊನೆಗೆ ಬ್ರೇಕ್ ಹಾಕುತ್ತಿದ್ದೆ. ಪೆಟ್ರೋಲ್ ಸುಟ್ಟು ಗಾಡಿಗೆ ಕೊಟ್ಟ ಓಟವನ್ನು ಬ್ರೇಕಿನಲ್ಲಿ ಬಿಸಿ ಮಾಡಿ ಗಾಳಿಗೆ ಬಿಡುವ ಕೆಲಸ ಅದು. ದಿನಕ್ಕೆ ಎಷ್ಟು ಸಲ ಹೀಗೆ ಮಾಡುತ್ತೇನೆ ಅಂತ ಎಣಿಸಿದೆ, ನಾಚಿಕೆಯಾಗಿ ಎಣಿಸುವುದು ಬಿಟ್ಟೆ. ಈಗ ಕೆಂಪು ಕಂಡ ಕೂಡಲೇ ಕಾಲು ತೆಗೆಯುತ್ತೇನೆ, ಗೇರಿನಲ್ಲೇ ಇರುತ್ತೇನೆ, ಎಷ್ಟೋ ಸಲ ನಾನು ಮುಟ್ಟುವಷ್ಟರಲ್ಲಿ ಹಸಿರು ಬಂದಿರುತ್ತದೆ. ಹಿಂದಿನ ಗಾಡಿಯವರಿಗೆ ಸ್ವಲ್ಪ ಸಿಟ್ಟು ಬರುತ್ತದೆ, ನಿಜ.

ಎರಡನೆಯದು ನಿಂತಲ್ಲೇ ಎಂಜಿನ್ ಓಡಿಸುವುದು. ಗಾಡಿ ನಿಂತಾಗ ಕಿಲೋಮೀಟರ್ ಸೊನ್ನೆ, ಹಾಗಾಗಿ ಮೈಲೇಜೂ ಸೊನ್ನೆ. ಸಣ್ಣ ಪೆಟ್ರೋಲ್ ಎಂಜಿನ್ ಸುಮ್ನೆ ನಿಂತೇ ಗಂಟೆಗೆ ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಯಾರನ್ನೋ ಕರೆದುಕೊಂಡು ಹೋಗಲು ಬಂದು ಬಾಗಿಲ ಮುಂದೆ ಹತ್ತು ನಿಮಿಷ ಎಂಜಿನ್ ಆರಿಸದೆ ಕಾಯುವವರು ಈ ಸೊನ್ನೆಯನ್ನು ಒಮ್ಮೆ ನೋಡಬೇಕು.

ಮೂರನೆಯದು ಉದ್ದ ರಸ್ತೆಯ ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ, ಗಾಳಿ ತಡೆ ಏರಿದ್ದು ಅರ್ಧಕ್ಕಿಂತ ಜಾಸ್ತಿ, ಸರಿಯಾಗಿ ಹೇಳಿದರೆ 56 ಶೇಕಡಾ. ಇದನ್ನು ಓದಿದರೆ ತಲೆಗೆ ಹೋಗುತ್ತದೆ, ಮರೆತೂ ಹೋಗುತ್ತದೆ. ಪರದೆಯ ಮೇಲೆ ಅಂಕಿ ಇಳಿಯುವುದನ್ನು ಕಣ್ಣಾರೆ ಕಂಡರೆ ಮರೆಯುವುದಿಲ್ಲ. ಸಮ ರಸ್ತೆಯಲ್ಲಿ, ಗಾಡಿಗಳು ಕಡಿಮೆ ಇರುವಾಗ, ಒಂದೇ ದಾರಿಯಲ್ಲಿ ಹೋಗಿ ಬಂದು ಎರಡೂ ದಿಕ್ಕಿನ ಸರಾಸರಿ ನೋಡಿ. ಇಲ್ಲದಿದ್ದರೆ ಎದುರುಗಾಳಿಯ ತಪ್ಪನ್ನು ವೇಗದ ಮೇಲೆ ಹಾಕಿಬಿಡುತ್ತೀರಿ.

ಮತ್ತೆ, ಓಡಿಸುವಾಗ ಅಂಕಿಯನ್ನೇ ನೋಡುತ್ತಾ ಕೂರಬೇಡಿ. ಗೇಜಿನ ಮೇಲೆ ಕಣ್ಣಿಟ್ಟು ಮುಂದಿನ ಗಾಡಿಗೆ ಗುದ್ದಿದರೆ ಹತ್ತು ವರ್ಷದ ಉಳಿತಾಯ ಒಂದು ಬಂಪರಿಗೆ ಹೋಗುತ್ತದೆ. ಪಕ್ಕದಲ್ಲಿ ಕೂತವರು ನೋಡಿ ಹೇಳಲಿ. ನಿಮ್ಮ ಮನೆಯವರಿಗೇ ಈ ಕೆಲಸ ಕೊಟ್ಟು ನೋಡಿ, ಆಟದ ಸಾಮಾನು ಅನ್ನುವ ಅಭಿಪ್ರಾಯ ಬದಲಾಗಬಹುದು.

ಪ್ರಶ್ನೆ: ಗೇಜಿಗೂ ಪೆಟ್ರೋಲ್ ಪೈಪಿಗೂ ಸಂಬಂಧವೇ ಇಲ್ಲವಲ್ಲ. ಸ್ಟೀರಿಂಗ್ ಕೆಳಗಿನ ಒಂದು ಸಾಕೆಟ್ಟಿಗೆ ಸಿಕ್ಕಿಸಿದ ಮಾತ್ರಕ್ಕೆ ಎಷ್ಟು ಪೆಟ್ರೋಲ್ ಹೋಯಿತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ? ಏನೋ ಅಂದಾಜು ಹೊಡೆಯುತ್ತದೆ ಅಂತ ನನ್ನ ಅನುಮಾನ.

ಉತ್ತರ: ಅನುಮಾನ ಸರಿ. ಆದರೆ ಅದು ಕಣ್ಣು ಮುಚ್ಚಿ ಹೊಡೆಯುವ ಅಂದಾಜಲ್ಲ. ಆ ಸಾಕೆಟ್ಟಿಗೆ ಒಬಿಡಿ (ಆನ್-ಬೋರ್ಡ್ ಡಯಾಗ್ನಾಸ್ಟಿಕ್ಸ್) ಪೋರ್ಟ್ ಅಂತ ಹೆಸರು, 16 ಪಿನ್ನಿನದು. ಹೊಗೆ ನಿಯಂತ್ರಣದ ಭಾಗಗಳು ಕೆಟ್ಟರೆ ಪತ್ತೆ ಹಚ್ಚಲಿ ಅಂತ ತಂದ ವ್ಯವಸ್ಥೆ ಇದು. ಈಗ ಎಲ್ಲೆಡೆ ಕಾಣುವ ಒಬಿಡಿ-2 ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಯುರೋಪಿನಲ್ಲಿ ಅಂಥದೇ ನಿಯಮ 2001ರಿಂದ ಪೆಟ್ರೋಲ್ ಕಾರುಗಳಿಗೆ ಬಂತು. ಮೆಕ್ಯಾನಿಕ್ ತನ್ನ ಸ್ಕ್ಯಾನರ್ ಸಿಕ್ಕಿಸುವುದೂ ಇಲ್ಲಿಯೇ. ಗೇಜ್ ಕೂಡ ಇಲ್ಲಿಂದಲೇ ಎಂಜಿನ್ನಿನ ಕಂಪ್ಯೂಟರನ್ನು ಸೆಕೆಂಡಿಗೆ ಕೆಲವು ಸಲ ಕೇಳುತ್ತಿರುತ್ತದೆ: ವೇಗ ಎಷ್ಟು, ಎಂಜಿನ್ ಎಷ್ಟು ಸುತ್ತುತ್ತಿದೆ, ಒಳಗೆ ಎಷ್ಟು ಗಾಳಿ ಹೋಗುತ್ತಿದೆ?

ಗಾಳಿಯ ಲೆಕ್ಕ ಸಿಕ್ಕರೆ ಪೆಟ್ರೋಲಿನ ಲೆಕ್ಕ ಸಿಕ್ಕ ಹಾಗೆಯೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸಾಮಾನ್ಯ ಓಟದಲ್ಲಿ ಪೆಟ್ರೋಲ್ ಎಂಜಿನ್ನಿನ ಕಂಪ್ಯೂಟರ್ ಈ ಪ್ರಮಾಣವನ್ನು ಬಿಗಿಯಾಗಿ ಕಾಯುತ್ತದೆ, ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಿದ್ದುತ್ತಲೇ ಇರುತ್ತದೆ. ಈಗ ಲೆಕ್ಕ ಮಾಡಿ. ಸೆಕೆಂಡಿಗೆ 10 ಗ್ರಾಂ ಗಾಳಿ ಹೋಗುತ್ತಿದೆ ಅನ್ನಿ. 14.7ರಿಂದ ಭಾಗಿಸಿದರೆ ಸೆಕೆಂಡಿಗೆ 0.68 ಗ್ರಾಂ ಪೆಟ್ರೋಲ್. ಗಂಟೆಗೆ ಸುಮಾರು 2450 ಗ್ರಾಂ. ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು 745 ಗ್ರಾಂ, ಅಂದರೆ ಗಂಟೆಗೆ 3.3 ಲೀಟರ್. ಆ ಹೊತ್ತಿಗೆ ನೀವು 60ರಲ್ಲಿ ಹೋಗುತ್ತಿದ್ದರೆ ಲೀಟರಿಗೆ 18 ಕಿ.ಮೀ. ಪರದೆಯ ಮೇಲೆ ಬರುವುದು ಇದೇ 18.

ಕೆಲವು ಕಾರುಗಳಲ್ಲಿ ಗಾಳಿ ಅಳೆಯುವ ಸೆನ್ಸರ್ ಇರುವುದಿಲ್ಲ, ಬದಲಿಗೆ ಗಾಳಿ ಒಳಗೆ ಹೋಗುವ ಕೊಳವೆಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ. ಆಗ ಗೇಜ್ ಆ ಒತ್ತಡ, ಗಾಳಿಯ ಬಿಸಿ, ಎಂಜಿನ್ನಿನ ಸುತ್ತು, ಸಿಸಿ ಎಲ್ಲ ಸೇರಿಸಿ ಗಾಳಿಯನ್ನು ಊಹಿಸುತ್ತದೆ. ಮೊದಲ ಸಲ ಸಿಕ್ಕಿಸಿದಾಗ ನಿಮ್ಮ ಎಂಜಿನ್ ಎಷ್ಟು ಸಿಸಿ ಅಂತ ಕೇಳುವುದು ಇದಕ್ಕೇ. ಇಲ್ಲಿ ತಪ್ಪು ಅಂಕಿ ಹಾಕಿದವರನ್ನು ನಾನು ಕಂಡಿದ್ದೇನೆ, ಅವರ ಕಾರು ಕಾಗದದ ಮೇಲೆ ಬೈಕಿನಷ್ಟು ಮೈಲೇಜ್ ಕೊಡುತ್ತಿತ್ತು.

ತಪ್ಪು ಇನ್ನೂ ಕೆಲವು ಕಡೆಯಿಂದ ಬರುತ್ತದೆ. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ತಣ್ಣಗಿರುವ ಎಂಜಿನ್ ಆಗತಾನೇ ಶುರುವಾದಾಗ ಕಂಪ್ಯೂಟರ್ 14.7 ಬಿಟ್ಟು ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಬರೀ ಗಾಳಿಯಿಂದ ಲೆಕ್ಕ ಹಾಕುವ ಗೇಜಿಗೆ ಅದು ತಿಳಿಯುವುದಿಲ್ಲ. ಎಥನಾಲ್ ಬೆರೆತ ಪೆಟ್ರೋಲಾದರೆ ಪ್ರಮಾಣವೇ ಬೇರೆ, 10 ಶೇಕಡಾ ಎಥನಾಲ್ ಇದ್ದರೆ ಸುಮಾರು 14.1. ಟಯರಿನ ಅಳತೆ ಬದಲಿಸಿದ್ದರೆ ಕಿಲೋಮೀಟರೂ ತಪ್ಪು.

ಅದಕ್ಕೇ ಹೊಂದಿಸಬೇಕು ಅಂದದ್ದು. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ ಗೇಜ್ 30 ಲೀಟರ್ ಸುಟ್ಟೆ ಅನ್ನುತ್ತದೆ, ಪಂಪು 33 ಲೀಟರ್ ಹಿಡಿಸಿತು ಅನ್ನುತ್ತದೆ. ಪಂಪನ್ನು ನಂಬಿ. ಗೇಜಿನಲ್ಲಿ 10 ಶೇಕಡಾ ಏರಿಸಿ. ಬಹುಪಾಲು ಗೇಜುಗಳಲ್ಲಿ, ಆ್ಯಪುಗಳಲ್ಲಿ ಇದಕ್ಕೆ ಜಾಗ ಇರುತ್ತದೆ. ಹೀಗೆ ಎರಡು ಮೂರು ಟ್ಯಾಂಕ್ ತಿದ್ದಿದರೆ ಸಾಕಷ್ಟು ಹತ್ತಿರ ಬರುತ್ತದೆ. ಹಾಗೆ ನೋಡಿದರೆ ಕಲಿಯಲು ಅಷ್ಟು ನಿಖರತೆಯೂ ಬೇಕಿಲ್ಲ. ಗೇಜ್ ಎಲ್ಲವನ್ನೂ 10 ಶೇಕಡಾ ಕಡಿಮೆ ತೋರಿಸಿದರೂ, ನಾಲ್ಕನೇ ಗೇರಿಗಿಂತ ಐದನೇ ಗೇರು ಮೇಲು ಅನ್ನುವುದನ್ನು ಸರಿಯಾಗಿಯೇ ತೋರಿಸುತ್ತದೆ. ಗೆಳೆಯರ ಮುಂದೆ ಅಂಕಿ ಹೇಳುವುದಾದರೆ ಮಾತ್ರ ಟ್ಯಾಂಕಿನ ಲೆಕ್ಕ ಹೇಳಿ.

ಪ್ರಶ್ನೆ: ನಮ್ಮದು ಡೀಸೆಲ್ ಗಾಡಿ. ಇದೇ ಗೇಜ್ ನಡೆಯುತ್ತದಾ?

ಉತ್ತರ: ಎಚ್ಚರ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಗೂ ಇಂಧನಕ್ಕೂ ಒಂದೇ ಪ್ರಮಾಣ ಅಂತ ಇಲ್ಲ. ಗಾಳಿ ಬೇಕಾದಷ್ಟು ಹೋಗುತ್ತದೆ, ಕಾಲು ಒತ್ತಿದಷ್ಟು ಡೀಸೆಲ್ ಬೀಳುತ್ತದೆ. ಮೇಲೆ ಹೇಳಿದ 14.7ರ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಕೆಲವು ಕಾರುಗಳು ಇಂಧನದ ಹರಿವನ್ನೇ ನೇರವಾಗಿ ಪೋರ್ಟಿನಲ್ಲಿ ಹೇಳುತ್ತವೆ, ಅಂಥದ್ದಾದರೆ ಸರಿ. ಕೊಳ್ಳುವ ಮೊದಲು ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಹಾಕಿಸಿ, "ಫ್ಯುಯೆಲ್ ರೇಟ್" ಬರುತ್ತದಾ ನೋಡಿ. ಬರದಿದ್ದರೆ ಗೇಜ್ ಬೇಡ, ಚೀಟಿ ಪೆನ್ನೇ ಸಾಕು.

ಪ್ರಶ್ನೆ: ನನ್ನ ಕಾರಿನಲ್ಲೇ ಆ ಕ್ಷಣದ ಮೈಲೇಜು, ಸರಾಸರಿ ಮೈಲೇಜು ಎರಡೂ ಬರುತ್ತವೆ. ಆದರೆ ಹೊರಗಿನ ಗೇಜ್ ಇನ್ನೂ ನಿಖರ ಅಂತ ಒಬ್ಬರು ಹೇಳಿದರು.

ಉತ್ತರ: ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರನ್ನು ಕಾರಿನ ಕಂಪ್ಯೂಟರ್ ತಾನೇ ತೆರೆದು ಮುಚ್ಚುವುದು. ಎಷ್ಟು ಹೊತ್ತು ತೆರೆದೆ ಅನ್ನುವುದು ಅದಕ್ಕೆ ಗೊತ್ತು. ಹೊರಗಿನ ಗೇಜ್ ಗಾಳಿ ನೋಡಿ ಊಹಿಸಬೇಕು. ಹಾಗಾಗಿ ನಿಖರತೆಯ ಆಸೆಗೆ ಹೊರಗಿನದು ಕೊಳ್ಳುವುದು ತಲೆಕೆಳಗಾದ ಮಾತು.

ಒಂದು ದೂರು ಮಾತ್ರ ನಿಜ. ಎಷ್ಟೋ ಕಾರುಗಳ ಡ್ಯಾಶ್‌ಬೋರ್ಡು ತನ್ನ ಮೈಲೇಜನ್ನು ಸ್ವಲ್ಪ ಏರಿಸಿ ಹೇಳಿಕೊಳ್ಳುತ್ತದೆ. ಟ್ಯಾಂಕಿನ ಲೆಕ್ಕ ಹಾಕಿದರೆ ಎಷ್ಟು ಏರಿಸುತ್ತದೆ ಅಂತ ಗೊತ್ತಾಗುತ್ತದೆ, ಅಷ್ಟನ್ನು ಮನಸ್ಸಿನಲ್ಲೇ ಕಳೆದುಕೊಳ್ಳಿ. ಇನ್ನೊಂದು ವಿಷಯ. ಸರಾಸರಿಯನ್ನು ಎರಡು ವರ್ಷದಿಂದ ಸೊನ್ನೆ ಮಾಡದೆ ಬಿಟ್ಟಿದ್ದರೆ ಅದು ಕದಲುವುದೇ ಇಲ್ಲ. ಇವತ್ತು ಚೆನ್ನಾಗಿ ಓಡಿಸಿದರೂ ಅಷ್ಟೇ, ಕೆಟ್ಟದಾಗಿ ಓಡಿಸಿದರೂ ಅಷ್ಟೇ. ಸೊನ್ನೆ ಮಾಡಬಹುದಾದ ಎರಡು ಟ್ರಿಪ್ ಮೀಟರಿದ್ದರೆ ಟ್ರಿಪ್ ಎ ಟ್ಯಾಂಕಿಗೆ, ಟ್ರಿಪ್ ಬಿ ಆ ದಿನಕ್ಕೆ ಅಂತ ಇಟ್ಟುಕೊಳ್ಳಿ. ಯುರೋಪಿಯನ್ ಒಕ್ಕೂಟದಲ್ಲಂತೂ 2021ರಿಂದ ನೋಂದಣಿಯಾಗುವ ಹೊಸ ಪೆಟ್ರೋಲ್, ಡೀಸೆಲ್ ಕಾರುಗಳು ಒಟ್ಟು ಎಷ್ಟು ಇಂಧನ ಸುಟ್ಟೆವು ಅನ್ನುವ ಲೆಕ್ಕವನ್ನು ತಾವೇ ಇಟ್ಟುಕೊಳ್ಳಬೇಕು ಅಂತ ನಿಯಮವೇ ಆಗಿದೆ. ಹೊಸ ಕಾರು ಇರುವವರಿಗೆ ಈ ಡಬ್ಬಿಗಳ ಅಗತ್ಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದೆ.

ಪ್ರಶ್ನೆ: ಅದೇ ಪೋರ್ಟಿಗೆ ಸಿಕ್ಕಿಸಿದರೆ ಸಾಕು, ಪೆಟ್ರೋಲ್ ತಾನಾಗಿ 30 ಶೇಕಡಾ ಉಳಿಯುತ್ತದೆ ಅನ್ನುವ ಸಣ್ಣ ಪ್ಲಗ್ ಬಂದಿದೆಯಲ್ಲ? ಗೇಜಿಗಿಂತ ಅಗ್ಗವೂ ಹೌದು. ಇದನ್ನು ತಗೊಳ್ಳಲಾ?

ಉತ್ತರ: ಬೇಡ. ಬೇಡವೇ ಬೇಡ. ನಾನು ಒಂದು ಸಲ ತಗೊಂಡು ಹಳ್ಳಕ್ಕೆ ಬಿದ್ದವನು, ಹಾಗಾಗಿ ಈ ಉತ್ತರ ಅನುಭವದ್ದು. ಯಾರಿಂದ ಕೊಂಡೆ ಅನ್ನುವುದು ಬಿಡಿ. ಸಿಕ್ಕಿಸಿದ ಕೂಡಲೇ ಹಸಿರು ದೀಪ ಮಿಣಮಿಣ ಅಂದಿತು, ನನಗೂ ಖುಷಿಯಾಯಿತು. "ಎಂಜಿನ್ ನಿಮ್ಮ ಓಡಿಸುವ ರೀತಿ ಕಲಿಯಲು 200 ಕಿ.ಮೀ. ಬೇಕು" ಅಂತ ಚೀಟಿಯಲ್ಲಿ ಬರೆದಿತ್ತು. ಕಾದೆ. ನಾಲ್ಕು ಟ್ಯಾಂಕ್ ಲೆಕ್ಕ ಹಾಕಿದೆ, ಮೊದಲು ಎಷ್ಟಿತ್ತೋ ಅಷ್ಟೇ. ಕೊನೆಗೆ ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆ ಪಿನ್ನುಗಳಲ್ಲಿ ಕರೆಂಟಿನ ಎರಡು ಮಾತ್ರ ಎಲ್ಲಿಗೋ ಸೇರಿದ್ದವು, ಕಾರಿನ ಕಂಪ್ಯೂಟರ್ ಜೊತೆ ಮಾತಾಡಬೇಕಾದ ಪಿನ್ನುಗಳು ಎಲ್ಲಿಗೂ ಸೇರಿರಲಿಲ್ಲ. ದೀಪ ಮಿಟುಕಿಸುವುದಷ್ಟೇ ಅದರ ಕೆಲಸ. ಕಂಪ್ಯೂಟರಿನ ಹತ್ತಿರ ಒಂದು ಮಾತೂ ಆಡದೆ ಅದು ಏನು ಕಲಿಯಿತೋ!

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ಪೆಟ್ರೋಲ್ ಉಳಿಸುತ್ತವೆ ಅನ್ನುವ 100ಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ ಇಲ್ಲವೇ ಪರೀಕ್ಷೆಗೆ ಒಡ್ಡಿದೆ. ಮೈಲೇಜನ್ನು ಹೇಳಿಕೊಳ್ಳುವಷ್ಟು ಏರಿಸುವ ಒಂದೂ ಸಿಗಲಿಲ್ಲ. ಗೇಜ್ ಕನಿಷ್ಠ ತಾನು ತೋರಿಸುವುದಷ್ಟೇ ಮಾಡುತ್ತೇನೆ ಅನ್ನುತ್ತದೆ. ಈ ಪ್ಲಗ್ ಉಳಿಸುತ್ತೇನೆ ಅಂತ ಹೇಳಿ ತೋರಿಸುವುದನ್ನೂ ಮಾಡುವುದಿಲ್ಲ.

ಪ್ರಶ್ನೆ: ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ನನ್ನ ಗೇಜ್ ಒಳ್ಳೆಯ ಅಂಕಿ ತೋರಿಸುತ್ತದೆ. ಗೇರಿನಲ್ಲಿದ್ದರೆ ಕಡಿಮೆ ತೋರಿಸುತ್ತದೆ. ನಮ್ಮ ಮಾವ ಮೊದಲಿನಿಂದಲೂ ನ್ಯೂಟ್ರಲ್ ಮಾಡು ಅನ್ನುತ್ತಾರೆ. ಗೇಜೂ ಅವರ ಪರವೇ ಇದೆಯಲ್ಲ!

ಉತ್ತರ: ನಿಮ್ಮ ಮಾವನವರು ಓಡಿಸಿದ್ದು ಇಂಜೆಕ್ಟರ್ ಬರುವ ಮೊದಲಿನ, ಕಾರ್ಬ್ಯುರೇಟರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರುಗಳು ಅನ್ನಿಸುತ್ತದೆ. ಇಂಜೆಕ್ಟರ್ ಇರುವ ಕಾರಿನಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಎಂಜಿನ್ ತಕ್ಕಷ್ಟು ಸುತ್ತುತ್ತಿರುವವರೆಗೆ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಬಿಡಲೇಬೇಕು. ಮತ್ತೆ ಗೇಜ್ ಯಾಕೆ ತಿರುಗಾಮುರುಗಾ ತೋರಿಸುತ್ತದೆ? ಗೇರಿನಲ್ಲಿ ಇಳಿಯುವಾಗ ಎಂಜಿನ್ ಜೋರಾಗಿ ಸುತ್ತುತ್ತದೆ, ಗಾಳಿ ಒಳಗೆ ಹೋಗುತ್ತಲೇ ಇರುತ್ತದೆ. ಗಾಳಿ ಹೋಯಿತು ಅಂದರೆ ಪೆಟ್ರೋಲೂ ಹೋಯಿತು ಅಂತ ಗೇಜ್ ತಿಳಿಯುತ್ತದೆ. ಪಾಪ, ಅದಕ್ಕೆ ಗೊತ್ತಿರುವುದು ಅಷ್ಟೇ. ಕೆಲವು ಗೇಜುಗಳಲ್ಲಿ "ಫ್ಯುಯೆಲ್ ಕಟ್" ಅಂತ ಒಂದು ಸೆಟ್ಟಿಂಗ್ ಇರುತ್ತದೆ, ಸರಿಮಾಡಿದರೆ ಇಂಥ ಕಡೆ 99 ಅಥವಾ ಅದಕ್ಕೂ ಮೇಲಿನ ಅಂಕಿ ಬರುತ್ತದೆ.

ತೀರಾ ಸಣ್ಣ ಇಳಿಜಾರಿನಲ್ಲಿ, ಗೇರಿನಲ್ಲಿದ್ದರೆ ಗಾಡಿ ನಿಧಾನವಾಗಿಬಿಡುವ ಕಡೆ, ನ್ಯೂಟ್ರಲಿನಲ್ಲಿ ದೂರ ಉರುಳುವುದರಿಂದ ಒಂದಿಷ್ಟು ಉಳಿಯಬಹುದು. ಆದರೆ ಕಡಿದಾದ ಇಳಿಜಾರಿನಲ್ಲಿ ಗೇರು ಬಿಟ್ಟರೆ ಎಂಜಿನ್ನಿನ ಹಿಡಿತ ಹೋಗಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾದರೆ ಹಿಡಿಯುವುದಿಲ್ಲ. ಎಂಜಿನ್ ಆರಿಸಿ ಇಳಿಯುವವರಿಗೆ ಬ್ರೇಕೂ ಕಲ್ಲಾಗುತ್ತದೆ, ಸ್ಟೀರಿಂಗೂ ಬಿಗಿಯಾಗುತ್ತದೆ. ಮಾವನವರಿಗೆ ಇದನ್ನು ನೀವೇ ಹೇಳಬೇಡಿ, ಪತ್ರಿಕೆಯ ಈ ಪುಟ ಮೇಜಿನ ಮೇಲೆ ಇಟ್ಟುಬಿಡಿ.

ಪ್ರಶ್ನೆ: ಮನೆಯಲ್ಲಿ ಎರಡು ಗಾಡಿ. ಅಪ್ಪನ ದೊಡ್ಡ ಗಾಡಿ ಲೀಟರಿಗೆ 10, ನನ್ನ ಸಣ್ಣ ಗಾಡಿ 20. ಇಬ್ಬರೂ ಹೆಚ್ಚುಕಡಿಮೆ ಒಂದೇ ದೂರ ಓಡಿಸುತ್ತೇವೆ. ಒಂದೇ ಗೇಜ್ ತರುವುದಾದರೆ ನನ್ನದಕ್ಕೇ ಹಾಕುವುದು ಸರಿ ಅಲ್ವಾ? ನನ್ನದು 20ರಿಂದ 24 ಆದರೆ 4 ಕಿ.ಮೀ. ಏರಿತು. ಅಪ್ಪನದು 10ರಿಂದ 12 ಆದರೆ ಬರೀ 2.

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು, ಉತ್ತರ ಮಾತ್ರ ನಿಮಗೆ ಇಷ್ಟವಾಗದು. ಅಪ್ಪನ ಗಾಡಿಗೇ ಹಾಕಿ. 1200 ಕಿ.ಮೀ. ಓಡಿಸಿದರೆ ಅಪ್ಪನಿಗೆ ಮೊದಲು 120 ಲೀಟರ್, ಆಮೇಲೆ 100. ಉಳಿದದ್ದು 20 ಲೀಟರ್. ನಿಮಗೆ ಮೊದಲು 60, ಆಮೇಲೆ 50. ಉಳಿದದ್ದು 10. ಅರ್ಧಕ್ಕೆ ಅರ್ಧ!

ಈ ಕಣ್ಕಟ್ಟಿನ ಬಗ್ಗೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದರು. ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನುವ ಅಳತೆಯಿಂದ ಜನ ಮೋಸ ಹೋಗುತ್ತಾರೆ, ಇಂತಿಷ್ಟು ದೂರಕ್ಕೆ ಎಷ್ಟು ಇಂಧನ ಅಂತ ಹೇಳಿದರೆ ಸರಿಯಾಗಿ ಆರಿಸುತ್ತಾರೆ ಅನ್ನುವುದು ಅವರ ಮಾತು. ಯುರೋಪಿನಲ್ಲಿ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತಲೇ ಹೇಳುವ ರೂಢಿ. ಎಷ್ಟೋ ಗೇಜುಗಳಲ್ಲಿ ಎರಡೂ ಬರುತ್ತವೆ. ಒಂದು ವಾರ ಲೀಟರ್/100 ಕಿ.ಮೀ.ಗೆ ಬದಲಾಯಿಸಿ ನೋಡಿ. ಮೊದಲು ತಲೆ ತಿರುಗುತ್ತದೆ, ಅಂಕಿ ಇಳಿದರೆ ಒಳ್ಳೆಯದು ಅನ್ನುವುದಕ್ಕೆ ಮನಸ್ಸು ಒಗ್ಗಬೇಕು. ಒಗ್ಗಿದ ಮೇಲೆ ಲೆಕ್ಕ ಸುಲಭ.

ಅಪ್ಪ ಗೇಜಿನ ಮಾತು ಕೇಳುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಕೇಳದವರಾದರೆ ನಿಮ್ಮದಕ್ಕೇ ಹಾಕಿಕೊಳ್ಳಿ. ಇಲ್ಲದ 20 ಲೀಟರಿಗಿಂತ ಕೈಗೆ ಬರುವ 10 ಲೀಟರ್ ವಾಸಿ.

ಪ್ರಶ್ನೆ: ಪರದೆ ಇರುವ ಗೇಜ್ ಮೇಲೋ, ಫೋನಿಗೆ ಬ್ಲೂಟೂತಿನಲ್ಲಿ ಸೇರುವ ಸಣ್ಣ ಅಡಾಪ್ಟರ್ ಮೇಲೋ?

ಉತ್ತರ: ಅಗ್ಗ ಬೇಕಾದರೆ ಅಡಾಪ್ಟರ್. ಫೋನ್ ನಿಮ್ಮ ಹತ್ತಿರ ಇದ್ದೇ ಇದೆ, ಆ್ಯಪುಗಳೂ ಬೇಕಾದಷ್ಟು ಇವೆ. ಎಂಜಿನ್ ದೀಪ ಹತ್ತಿದಾಗ ಯಾಕೆ ಹತ್ತಿತು ಅಂತ ನೋಡಲೂ ಆಗುತ್ತದೆ, ನನ್ನ ಮಟ್ಟಿಗೆ ಆ ಒಂದು ಕೆಲಸಕ್ಕೇ ಅದರ ದುಡ್ಡು ಬಂದಿದೆ. ತೊಂದರೆ ಏನೆಂದರೆ ಪ್ರತಿ ಸಲ ಕಾರು ಹತ್ತಿದಾಗ ಆ್ಯಪ್ ತೆರೆಯಬೇಕು, ಸೇರಿಸಬೇಕು. ಮೂರನೇ ವಾರಕ್ಕೆ ಬೇಜಾರು ಬರುತ್ತದೆ. ಪರದೆ ಇರುವ ಗೇಜ್ ಕೀ ತಿರುಗಿಸಿದರೆ ತಾನೇ ಎದ್ದು ಕೂರುತ್ತದೆ. ಸೋಮಾರಿಗಳು ಅದನ್ನೇ ತರಬೇಕು, ನಾನು ತಂದದ್ದೂ ಅದನ್ನೇ.

ಯಾವುದೇ ತಂದರೂ ಒಂದು ಮಾತು. ಆ ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿಯಿಂದ ಕರೆಂಟ್ ಯಾವಾಗಲೂ ಬರುತ್ತಿರುತ್ತದೆ, ಕೀ ತೆಗೆದರೂ. ಗಾಡಿಯನ್ನು ಎರಡು ಮೂರು ವಾರ ನಿಲ್ಲಿಸಿ ಹೋಗುವಾಗ ಕಿತ್ತಿಡಿ. ಹಾಗೆಯೇ, ಕಾಲಿಗೆ ತಾಗುವ ಹಾಗೆ ಹೊರಗೆ ಚಾಚಿಕೊಂಡಿರುವ ಅಡಾಪ್ಟರ್ ಬೇಡ, ವಯರ್ ಪೆಡಲಿನ ಹತ್ತಿರ ನೇತಾಡಬಾರದು.

ಪ್ರಶ್ನೆ: ನನ್ನದು ಕಾರ್ಬ್ಯುರೇಟರ್ ಇರುವ ಹಳೇ ಕಾರು. ಪೋರ್ಟೇ ಇಲ್ಲ. ನಮಗೇನೂ ಇಲ್ಲವಾ?

ಉತ್ತರ: ನಿಮಗೆ ಇರುವುದೇ ಚೆಂದದ್ದು. ವ್ಯಾಕ್ಯೂಮ್ ಗೇಜ್, ಅಂದರೆ ಎಂಜಿನ್ ಗಾಳಿ ಎಳೆಯುವಾಗ ಕೊಳವೆಯಲ್ಲಿ ಆಗುವ ನಿರ್ವಾತ ಅಳೆಯುವ ಗೇಜ್. ಗಾಳಿಯ ಕೊಳವೆಗೆ ಒಂದು ರಬ್ಬರ್ ಪೈಪು, ಡ್ಯಾಶ್‌ಬೋರ್ಡಿನಲ್ಲಿ ಒಂದು ಮುಳ್ಳು. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಕೊಳವೆಯ ನಿರ್ವಾತ ಬೀಳುತ್ತದೆ, ಮುಳ್ಳೂ ಬೀಳುತ್ತದೆ. ಲೀಟರ್ ಕಿಲೋಮೀಟರ್ ಏನೂ ಹೇಳುವುದಿಲ್ಲ, ಕಾಲು ಭಾರವಾಯಿತು ಅಂತ ಮಾತ್ರ ಹೇಳುತ್ತದೆ. ಅಷ್ಟು ಸಾಕು. ಇಂಥ ಮುಳ್ಳಿನ ಗೇಜುಗಳನ್ನು ಒಂದು ಕಾಲದಲ್ಲಿ ಕಂಪನಿಗಳೇ ಹಾಕಿ ಕೊಡುತ್ತಿದ್ದವು. ಮುಳ್ಳಿನ ಮೋಹ ಆಮೇಲೂ ಹೋಗಲಿಲ್ಲ, 1980ರ ದಶಕದ ಬಿಎಂಡಬ್ಲ್ಯು ಇ30 ಕಾರಿನ ಮೀಟರಿನಲ್ಲಿ ಮೈಲೇಜಿಗೆ ಬೇರೆಯೇ ಒಂದು ಮುಳ್ಳಿತ್ತು. ಪೈಪಿನ ಜೋಡಣೆ ಸಡಿಲವಾದರೆ ಎಂಜಿನ್ ಐಡ್ಲಿಂಗ್ (ನಿಂತಲ್ಲೇ ಓಡುವುದು) ಕೆಡುತ್ತದೆ, ಹಾಗಾಗಿ ಕೆಲಸ ಬಲ್ಲ ಮೆಕ್ಯಾನಿಕ್ ಕೈಯಲ್ಲೇ ಹಾಕಿಸಿ.

ಪ್ರಶ್ನೆ: ಆಸೆಪಟ್ಟು ಗೇಜ್ ತಂದೆ. ಮೊದಲ ಎರಡು ತಿಂಗಳು ಹಗಲೂ ರಾತ್ರಿ ಅದೇ ಧ್ಯಾನ. 15 ಇದ್ದದ್ದು 16 ಆಯಿತು, ಟ್ಯಾಂಕ್ ಲೆಕ್ಕದಲ್ಲೇ. ಈಗ ನೋಡುವುದೇ ಇಲ್ಲ. ದುಡ್ಡು ದಂಡ ಮಾಡಿದೆನಾ?

ಉತ್ತರ: ಟ್ಯಾಂಕ್ ಲೆಕ್ಕದಲ್ಲಿ 16 ನಿಂತಿದೆಯಾ ಅಂತ ಈಗ ಇನ್ನೊಮ್ಮೆ ನೋಡಿ. ನಿಂತಿದ್ದರೆ ದಂಡವಲ್ಲ, ಕಾಲು ಕಲಿತಿದೆ, ಗೇಜಿನ ಕೆಲಸ ಮುಗಿದಿದೆ. 15ಕ್ಕೆ ಜಾರಿದ್ದರೆ ಟಯರಿನ ಗಾಳಿ ನೋಡಿಸಿ, ಅದೂ ಸರಿ ಇದ್ದರೆ ಒಂದು ವಾರ ಗೇಜನ್ನು ಮತ್ತೆ ಕಣ್ಣಿಗೆ ಬೀಳುವ ಕಡೆ ಇಡಿ. ನಿಂತಿದ್ದರೆ ಕಿತ್ತು, ಹೊಸದಾಗಿ ಓಡಿಸಲು ಕಲಿತ ಯಾರಿಗಾದರೂ ಕೊಡಿ. ಕೊಡುವಾಗ ಹಳೆಯ ಸೆಟ್ಟಿಂಗ್ ಅಳಿಸಿ, ಅವರ ಎಂಜಿನ್ನಿನ ಸಿಸಿ ಹಾಕಿ, ಮೂರು ಟ್ಯಾಂಕ್ ಹೊಸದಾಗಿ ಹೊಂದಿಸಿಕೊಳ್ಳಲು ಹೇಳಿ. ನಿಮ್ಮ ಕಾರಿನ ಲೆಕ್ಕ ಅವರ ಕಾರಿಗೆ ಹೊಂದುವುದಿಲ್ಲ.